ಕವಚದ ಕೆಳಗೆ ಯಾವ ಬೂಟು? ಜಾಸ್ತಿ ದುಡ್ಡು ಸುರಿಯದೆ ಮಧ್ಯಯುಗದ ಜೋಡಿ ಆರಿಸುವ ಬಗೆ

ಯುರೋಪಿನ ಮಧ್ಯಯುಗದ ಕವಚ ತೊಟ್ಟು, ಆ ಕಾಲದ ಯುದ್ಧ, ಬದುಕನ್ನು ಮತ್ತೆ ಆಡಿ ತೋರಿಸುವ ರೀಎನಾಕ್ಟ್‌ಮೆಂಟ್‌ಗೆ ಇಳಿಯುವವರು ಶಿರಸ್ತ್ರಾಣ, ಎದೆಕವಚ ಕೊಳ್ಳುವಾಗ ಹತ್ತು ಕಡೆ ವಿಚಾರಿಸುತ್ತಾರೆ. ಕಾಲಿನ ವಿಷಯ ಕೊನೆಗೆ ಉಳಿದುಬಿಡುತ್ತದೆ. ಕಾರ್ಯಕ್ರಮ ಹತ್ತಿರ ಬಂದಾಗ ಆನ್‌ಲೈನಿನಲ್ಲಿ ಹುಡುಕಿ, ಮೊಣಕಾಲುದ್ದದ, ಮೇಲಂಚು ಅಗಲವಾಗಿ ಮಡಚಿದ, ಸಾಲಾಗಿ ಬಕಲ್ ಇರುವ ಒಂದು ಜೋಡಿ ತರಿಸುತ್ತಾರೆ. ನೋಡಲು ಗತ್ತಾಗಿಯೇ ಇರುತ್ತದೆ. ಆದರೆ ಮಡಚಿದ ಅಂಚಿನ ಆ ಬೂಟು 17ನೇ ಶತಮಾನದ್ದು. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಅದರ ಮೇಲೆ ಕಾಲುಕವಚ ಮುಚ್ಚುವುದೇ ಇಲ್ಲ.

ಇಲ್ಲಿ ನಾನು ಹೇಳುವುದೆಲ್ಲ ಸುಮಾರು 1350ರಿಂದ 1500ರವರೆಗಿನ ಕವಚಕ್ಕೆ ಅನ್ವಯಿಸುತ್ತದೆ. ಹೆಚ್ಚಿನವರು ತೊಡುವುದು ಇದೇ ಕಾಲದ ಯುದ್ಧಗಳದ್ದು: 1361ರ ವಿಸ್ಬಿ, 1415ರ ಅಜಿನ್‌ಕೋರ್ಟ್, 1471ರ ಟ್ಯೂಕ್ಸ್‌ಬರಿ. ಈ ಕಾಲದ ಕವಚಕ್ಕೆ ಉದ್ದ ಬೂಟು ಬೇಕಿಲ್ಲ. ಕಾಲಿನ ಗಂಟು (ಪಾದದ ಮೇಲಿನ ಹರಡು) ಮುಚ್ಚುವಷ್ಟು ಎತ್ತರದ, ಹೀಲ್ ಇಲ್ಲದ, ತೆಳು ಅಟ್ಟೆಯ ಚರ್ಮದ ಶೂ ಸಾಕು. ಉದ್ದ ಬೂಟಿಗಿಂತ ಅದು ಅಗ್ಗವೂ ಹೌದು.

ಕವಚದೊಳಗೆ ಕಾಲು ಹೇಗಿರುತ್ತದೆ

ಮೊಣಕಾಲಿನಿಂದ ಕೆಳಗೆ ಕಾಲನ್ನು ಮುಚ್ಚುವ ಉಕ್ಕಿನ ಭಾಗಕ್ಕೆ ಗ್ರೀವ್ ಅನ್ನುತ್ತಾರೆ. ಒಳ್ಳೆಯ ಗ್ರೀವ್ ಎರಡು ಹೋಳಾಗಿರುತ್ತದೆ, ಒಂದು ಪಕ್ಕದಲ್ಲಿ ಕೀಲು, ಇನ್ನೊಂದು ಪಕ್ಕದಲ್ಲಿ ಬಾರು. ಮುಚ್ಚಿದಾಗ ಮೀನಖಂಡದ ಉಬ್ಬು, ಕೆಳಗಿನ ಸಪೂರ ಎಲ್ಲವನ್ನೂ ಹಾಗೇ ಹಿಡಿದು ಕೂರುತ್ತದೆ. ಕೆಳ ಅಂಚು ಕಾಲಿನ ಗಂಟಿನ ಹತ್ತಿರ ಅಗಲವಾಗಿ ಪಾದದ ಮೇಲ್ಭಾಗಕ್ಕೆ ಬಂದು ನಿಲ್ಲುತ್ತದೆ. ಒಳಗೆ ಉಣ್ಣೆಯ ಹೋಸ್ (ಕಾಲಿಗೆ ಬಿಗಿಯಾಗಿ ಕೂರುವ ಉದ್ದ ಕಾಲುಚೀಲ), ಬೇಕಿದ್ದರೆ ತೆಳುವಾದ ಮೆತ್ತೆ. ಅಷ್ಟಕ್ಕೇ ಜಾಗ. ಅಲ್ಲಿ ದಪ್ಪ ಬೂಟಿನ ಕೊಳವೆ ತುರುಕಿದರೆ ಕೀಲು ಕೂರುವುದಿಲ್ಲ, ಬಾರು ಎಟಕುವುದಿಲ್ಲ.

ಹಾಗಂತ ಗಂಟಿಗಿಂತ ಕೆಳಗೇ ನಿಲ್ಲುವ ಶೂ ಕೂಡ ಕಷ್ಟ. ನಡೆಯುವಾಗ ಗ್ರೀವ್‌ನ ಕೆಳ ಅಂಚು ಪ್ರತಿ ಹೆಜ್ಜೆಗೂ ಪಾದದ ಮೇಲೆ, ಗಂಟಿನ ಪಕ್ಕದಲ್ಲಿ ಉಜ್ಜುತ್ತದೆ. ಎರಡು ಮಿಲಿಮೀಟರ್ ಚರ್ಮ ಆ ಜಾಗ ಮುಚ್ಚಿದ್ದರೆ ದಿನವಿಡೀ ಓಡಾಡಬಹುದು. ಇಲ್ಲದಿದ್ದರೆ ಮಧ್ಯಾಹ್ನದೊಳಗೆ ಕಾಲಿನ ಚರ್ಮ ಸುಲಿದಿರುತ್ತದೆ. ಹಾಗಾಗಿ ಶೂವಿನ ಮೇಲಂಚು ಗಂಟಿನಿಂದ ಒಂದೆರಡು ಬೆರಳು ಮೇಲಿರಲಿ.

ಪಾದದ ಮೇಲೆ ಉಕ್ಕಿನ ಪಟ್ಟಿಗಳ ಸಬಾಟನ್ ಬರುತ್ತದೆ. ಅದು ಪಾದದ ಮೇಲ್ಭಾಗವನ್ನಷ್ಟೇ ಮುಚ್ಚುತ್ತದೆ. ಅಡಿಯಲ್ಲಿ ಒಂದು ಬಾರು, ಮೂತಿಯ ಹತ್ತಿರ ಶೂವಿನ ಚರ್ಮಕ್ಕೇ ಕಟ್ಟುವ ದಾರ. ಅಂದರೆ ಸಬಾಟನ್ ನಿಲ್ಲುವುದು ನಿಮ್ಮ ಶೂವಿನ ಮೇಲೆ. ಶೂ ದೊಗಳೆಯಾಗಿದ್ದರೆ ಅದೂ ಅಲ್ಲಾಡುತ್ತದೆ.

ತೂಕದ ಲೆಕ್ಕವೂ ಇದೆ. ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಕವಚ ತೊಟ್ಟವರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ, ಓಡಿಸಿ ಅಳೆದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಕವಚ ಹೊತ್ತು ನಡೆಯಲು ಎರಡು ಪಟ್ಟಿಗಿಂತ ಜಾಸ್ತಿ ಶಕ್ತಿ ಬೇಕಾಗಿತ್ತು. ಅದಕ್ಕೆ ಒಂದು ಮುಖ್ಯ ಕಾರಣ ಕಾಲಿಗೆ ಬಿದ್ದ ಉಕ್ಕು: ಅದನ್ನು ಹೆಜ್ಜೆಹೆಜ್ಜೆಗೂ ಎತ್ತಿ ಬೀಸಬೇಕು. ಅದರ ಜೊತೆಗೆ ಭಾರದ ಬೂಟನ್ನೂ ಸೇರಿಸಿಕೊಳ್ಳುವುದು ಯಾಕೆ ಹೇಳಿ.

ಫೋಟೋ ನೋಡಿಯೇ ಗುರುತಿಸುವುದು

ಮಾರುವವರು ಎಲ್ಲದಕ್ಕೂ 'ಮಧ್ಯಯುಗದ್ದು' ಅಂತಲೇ ಹೆಸರಿಡುತ್ತಾರೆ. ಫೋಟೋವನ್ನು ದೊಡ್ಡದು ಮಾಡಿ, ಅಟ್ಟೆ ಮತ್ತು ಮೇಲಿನ ಚರ್ಮ ಸೇರುವ ಗೆರೆ ನೋಡಿ. ಸುತ್ತಲೂ ಒಂದು ಅಂಚು ಹೊರಗೆ ಚಾಚಿಕೊಂಡು, ಅದರ ಮೇಲೆ ಹೊಲಿಗೆ ಕಾಣುತ್ತಿದೆಯಾ? ಅದು ವೆಲ್ಟ್ ಶೂ. ಆ ರೀತಿಯ ಶೂ ಸಾಮಾನ್ಯವಾದದ್ದು ಸುಮಾರು 1500ರ ನಂತರ. ಮೇಲಿನ ಚರ್ಮ ನಯವಾಗಿ ಒಳಕ್ಕೆ ಬಾಗಿ ಅಟ್ಟೆಯ ಕೆಳಗೆ ಮಾಯವಾಗುತ್ತದೆಯಾ, ಹೊಲಿಗೆ ಎಲ್ಲೂ ಕಾಣುವುದಿಲ್ಲವಾ? ಅದು ಟರ್ನ್‌ಶೂ. ಒಳಮೈ ಹೊರಗೆ ಮಾಡಿ ಹೊಲಿದು, ನೆನೆಸಿ, ತಿರುವಿ ಹಾಕಿದ್ದು. ಹೊಲಿಗೆ ಒಳಗೆ ಉಳಿಯುವುದರಿಂದ ನೆಲಕ್ಕೆ ಸವೆಯುವುದಿಲ್ಲ. ಮಧ್ಯಯುಗದ ಶೂ ಅಂದರೆ ಬಹುಪಾಲು ಇದೇ.

ಆಮೇಲೆ ಹೀಲ್. ಯುರೋಪಿನ ಶೂಗಳಿಗೆ ಹೀಲ್ ಬಂದದ್ದು 16ನೇ ಶತಮಾನದ ಕೊನೆಯ ಹೊತ್ತಿಗೆ. ಅರ್ಧ ಇಂಚಿನ ಹೀಲ್ ಇದ್ದರೂ ದೂರದಿಂದಲೇ ಗೊತ್ತಾಗುತ್ತದೆ, ನಿಲ್ಲುವ ಭಂಗಿಯೇ ಬದಲಾಗುತ್ತದೆ. ಲೇಸಿನ ತೂತಿಗೆ ಲೋಹದ ಉಂಗುರ 19ನೇ ಶತಮಾನದ್ದು, ಜಿಪ್ 20ನೆಯದು. ಆಗಿನವರು ಪಕ್ಕದಲ್ಲಿ ಚರ್ಮದ ದಾರ ಪೋಣಿಸುತ್ತಿದ್ದರು, ಇಲ್ಲವೇ ಚರ್ಮದ ಗುಂಡಿ, ಪಾದದ ಮೇಲೆ ಒಂದು ಬಕಲ್.

ಮೂತಿ ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಲಂಡನ್ನಿನ ಬೇನಾರ್ಡ್ಸ್ ಕ್ಯಾಸಲ್ ಬಳಿ ಥೇಮ್ಸ್ ದಡದಲ್ಲಿ ಅಗೆದಾಗ 14ನೇ ಶತಮಾನದ ಕೊನೆಯ ಚೂಪು ಮೂತಿಯ ಶೂಗಳು ಸಿಕ್ಕಿವೆ. ಮೂತಿ ಬಾಗದಂತೆ ಒಳಗೆ ಪಾಚಿ ತುಂಬಿದ್ದರು. 1386ರ ಸೆಂಪಾಕ್ ಯುದ್ಧದಲ್ಲಿ ಕುದುರೆಯಿಂದ ಇಳಿದ ನೈಟ್‌ಗಳು ಶೂವಿನ ಉದ್ದ ಮೂತಿ ಕತ್ತರಿಸಿಕೊಂಡೇ ಹೋರಾಡಿದರು ಅಂತ ಹಳೆಯ ವೃತ್ತಾಂತಗಳು ಹೇಳುತ್ತವೆ. ಇಂಗ್ಲೆಂಡಿನಲ್ಲಿ ನಾಲ್ಕನೇ ಎಡ್ವರ್ಡ್ 1463ರಲ್ಲಿ, ಲಾರ್ಡ್‌ಗಿಂತ ಕೆಳಗಿನವರ ಶೂ ಮೂತಿ 2 ಇಂಚು ಮೀರಬಾರದು ಅಂತ ಕಾನೂನನ್ನೇ ತಂದ. 1500 ದಾಟುತ್ತಿದ್ದಂತೆ ಮೂತಿ ಅಗಲವಾಗಿ ಚಪ್ಪಟೆಯಾಯಿತು, ಸಬಾಟನ್ ಕೂಡ ಕರಡಿ ಪಂಜದಂತೆ ಅಗಲವಾಯಿತು. ನಿಮ್ಮ ಸಬಾಟನ್ ಯಾವ ಕಾಲದ್ದೋ ಶೂವಿನ ಮೂತಿಯೂ ಅದೇ ಕಾಲದ್ದಿರಬೇಕು, ಇಲ್ಲದಿದ್ದರೆ ಒಂದರೊಳಗೆ ಒಂದು ಕೂರುವುದಿಲ್ಲ. ಗೊಂದಲ ಆದರೆ ಸ್ವಲ್ಪವೇ ಮೊನಚಾದ ಬಾದಾಮಿ ಮೂತಿ ತೆಗೆದುಕೊಳ್ಳಿ. 1350–1480ರ ನಡುವೆ ಎಲ್ಲಿಗೂ ಹೊಂದುತ್ತದೆ.

ರೆಡಿಮೇಡ್ ಶೂ

ರೀಎನಾಕ್ಟ್‌ಮೆಂಟ್ ಸಾಮಾನು ಮಾರುವ ಅಂಗಡಿಗಳಲ್ಲಿ ಎರಡು ದರ್ಜೆ ಇದೆ. ಯುರೋಪಿನಲ್ಲಿ ಕೆಳಗಿನದು ಸುಮಾರು 60ರಿಂದ 100 ಯೂರೋ. ಕೈಹೊಲಿಗೆಯ ನಿಜವಾದ ಟರ್ನ್‌ಶೂ ಸುಮಾರು 150 ಯೂರೋದಿಂದ ಶುರುವಾಗಿ ಮೇಲೆ ಹೋಗುತ್ತದೆ. ಅಗ್ಗದ ಸಾಲಿನಲ್ಲಿ ಎಷ್ಟೋ ಜೋಡಿಗಳ ಮೇಲೆ 'ಮೇಡ್ ಇನ್ ಇಂಡಿಯಾ' ಅಂತ ಇರುತ್ತದೆ. ಡೆಹ್ರಾಡೂನ್, ಮೀರತ್ ಕಡೆಯ ಕಾರ್ಖಾನೆಗಳು ಬಹಳ ಕಾಲದಿಂದ ಯುರೋಪ್, ಅಮೆರಿಕಕ್ಕೆ ಕತ್ತಿ, ಕವಚ, ಚರ್ಮದ ಸಾಮಾನು ಕಳಿಸುತ್ತಿವೆ. ಬೆಂಗಳೂರಿನಲ್ಲಿದ್ದವರು ಇಂಥವರನ್ನು ನೇರವಾಗಿ ಕೇಳಿ ನೋಡಬಹುದು. ರಫ್ತಿನವರು ಸಾಮಾನ್ಯವಾಗಿ ಸಗಟು ಆರ್ಡರ್ ಬಯಸುತ್ತಾರೆ, ಹಾಗಾಗಿ ನಾಲ್ಕೈದು ಜನ ಸೇರಿ ತರಿಸಿದರೆ ಅನುಕೂಲ.

ಅಗ್ಗದ ಜೋಡಿಯಲ್ಲಿ ಮೊದಲು ಸೋಲುವುದು ಎರಡು ಜಾಗ. ಒಂದು, ಮೂತಿಯ ಹತ್ತಿರ ಅಟ್ಟೆಯ ಹೊಲಿಗೆ. ಇನ್ನೊಂದು, ಬಕಲ್ ಹೊಲಿದ ಬಾರಿನ ಬುಡ. ಬಂದ ದಿನವೇ ಎರಡಕ್ಕೂ ಮೇಣ ಸವರಿದ ದಪ್ಪ ದಾರದಲ್ಲಿ ಇನ್ನೊಂದು ಸುತ್ತು ಹೊಲಿಗೆ ಹಾಕಿಸಿ. ನಮ್ಮೂರ ಬೀದಿ ಬದಿಯ ಚಪ್ಪಲಿ ಹೊಲಿಯುವವರಿಗೆ ಇದು ಅರ್ಧ ಗಂಟೆ ಕೆಲಸ. ಒಳಗೆ ಉಣ್ಣೆಯ ಫೆಲ್ಟ್ ಇನ್‌ಸೋಲ್ ಹಾಕಬೇಕಾಗುತ್ತದೆ. ಹೋಸ್ ಕೂಡ ದಪ್ಪ. ಅದಕ್ಕೇ ನಿಮ್ಮ ಮಾಮೂಲಿ ಅಳತೆಗಿಂತ ಅರ್ಧ ಅಳತೆ ದೊಡ್ಡದು ತೆಗೆದುಕೊಳ್ಳಿ, ಅದಕ್ಕಿಂತ ಜಾಸ್ತಿ ಬೇಡ. ಮರದ ತೊಗಟೆಯಿಂದ ಹದ ಮಾಡಿದ ಚರ್ಮ ಕಾಲಿಗೆ ತಕ್ಕಂತೆ ಹಿಗ್ಗುತ್ತದೆ.

ಇನ್ನೊಂದು ಬಗೆ ಇದೆ: ಮೇಲೆ ಮಧ್ಯಯುಗದ ಆಕಾರ, ಕೆಳಗೆ ತೆಳು ರಬ್ಬರ್ ಅಟ್ಟೆ. ಶುದ್ಧವಾದಿಗಳಿಗೆ ಇಷ್ಟವಾಗುವುದಿಲ್ಲ. ಆದರೆ ಇಂಗ್ಲೆಂಡಿನ ಒದ್ದೆ ಹುಲ್ಲಿನ ಮೇಲೆ 20 ಕಿಲೋ ಉಕ್ಕು ಹೊತ್ತು ಓಡುವವರಿಗೆ, ಅದೂ ಮೊದಲ ವರ್ಷದಲ್ಲಿ, ನಾನು ಇದನ್ನೇ ಹೇಳುತ್ತೇನೆ. ರಬ್ಬರ್ ಪಕ್ಕದಿಂದ ಕಾಣದಂತೆ ಇರಬೇಕು, ಅಷ್ಟೇ. ಎಷ್ಟೋ ತಂಡಗಳು ಇದಕ್ಕೆ ಒಪ್ಪುತ್ತವೆ. ನಿಮ್ಮ ತಂಡದ ನಿಯಮ ಕೇಳಿಕೊಂಡೇ ದುಡ್ಡು ಹಾಕಿ.

ಮಾಮೂಲಿ ಅಂಗಡಿಯ ಡೆಸರ್ಟ್ ಬೂಟು

ಗಂಟು ಮುಚ್ಚುವ, ಮುಂದೆ ಎರಡೇ ಜೊತೆ ತೂತಿನ ಚುಕ್ಕಾ ಬೂಟು ಗೊತ್ತಲ್ವಾ? ಇಂಗ್ಲೆಂಡಿನ ಶೂ ಕಂಪನಿ ಕ್ಲಾರ್ಕ್ಸ್ 1950ರಲ್ಲಿ ತಂದ ಡೆಸರ್ಟ್ ಬೂಟಿನ ವಂಶ. ಸ್ಯೂಡ್ ಚರ್ಮ, ಹೀಲ್ ಕಡಿಮೆ, ಆಕಾರ ಸರಳ. ಇವತ್ತಿನ ಶೂಗಳಲ್ಲಿ ಮಧ್ಯಯುಗಕ್ಕೆ ಹತ್ತಿರ ಬರುವ ಆಕಾರ ಇದೊಂದೇ. ಸೆಕೆಂಡ್ ಹ್ಯಾಂಡ್ ಜೋಡಿಗಳು ಎಲ್ಲ ಊರಲ್ಲೂ ಸಿಗುತ್ತವೆ, ಆನ್‌ಲೈನಿನಲ್ಲಂತೂ ಕೇಳಬೇಡಿ. ಗಾಢ ಕಂದು ಬಣ್ಣದ್ದು ಆರಿಸಿ. ಲೇಸ್ ತೆಗೆದು ಚರ್ಮದ ದಾರ ಹಾಕಿ. ಬಿಸಿ ಮಾಡಿದ ಜೇನುಮೇಣ ಮತ್ತು ಎಣ್ಣೆ ಸವರಿದರೆ ಸ್ಯೂಡಿನ ಮೃದು ಹೊಳಪು ಹೋಗಿ, ಬಣ್ಣ ಕಪ್ಪಾಗಿ, ಹಳೆಯ ಚರ್ಮದ ಹಾಗೆ ಕಾಣುತ್ತದೆ.

ತೊಂದರೆ ಅಟ್ಟೆಯದು. ಕ್ರೇಪ್ ರಬ್ಬರ್ ದಪ್ಪ, ಪಕ್ಕದಿಂದ ಬೆಳ್ಳಗೆ ಕಾಣುತ್ತದೆ, ಒದ್ದೆ ಕೆಸರಿನಲ್ಲಿ ಜಾರುತ್ತದೆ. ಸಬಾಟನ್ ಅಡಿಯ ಬಾರು ಇಷ್ಟು ದಪ್ಪ ಅಟ್ಟೆಯನ್ನು ಸುತ್ತಿ ಬರುವುದಿಲ್ಲ, ಉದ್ದದ ಬಾರು ಹಾಕಿಸಬೇಕು. ಸಬಾಟನ್ ಇಲ್ಲದೆ ಬರೀ ಗ್ರೀವ್ ತನಕ ಕವಚ ಇರುವವರಿಗೆ, ಅಥವಾ ಈ ಹವ್ಯಾಸ ತಮಗೆ ಒಗ್ಗುತ್ತದಾ ಅಂತ ಇನ್ನೂ ನೋಡುತ್ತಿರುವವರಿಗೆ ಇದು ಒಳ್ಳೆಯ ಶುರು. 1966ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಹುಟ್ಟಿದ, ಮಧ್ಯಯುಗವನ್ನು ಆಡಿ ತೋರಿಸುವ ಸಂಘವಾದ ಎಸ್‌ಸಿಎಯಂಥ, ಹೊಸಬರಿಂದ ಪೂರ್ತಿ ನಿಖರತೆ ಬಯಸದ ಕೂಟಗಳಲ್ಲಿ ಇದಕ್ಕೆ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ಬಿಗಿ ನಿಯಮದ ರೀಎನಾಕ್ಟ್‌ಮೆಂಟ್ ತಂಡಗಳಲ್ಲಿ ಇದು ನಡೆಯುವುದು ಕಷ್ಟ.

ಬೇಡ ಅನ್ನಬಹುದಾದವು

ಸೇನೆಯ ಹಳೆ ಬೂಟು ಗಟ್ಟಿ, ಅಗ್ಗ. ಆದರೆ ಹೀಲ್ ಇದೆ, ಹಲ್ಲಿನ ಅಟ್ಟೆ ಇದೆ, ಭಾರ ಇದೆ. ಎಷ್ಟು ಬಣ್ಣ ಬಳಿದರೂ 20ನೇ ಶತಮಾನ ಕಾಣುತ್ತದೆ. ನಾಟಕದ ಡ್ರೆಸ್ ಅಂಗಡಿಯ ರೆಕ್ಸಿನ್ ಬೂಟು ಒಂದು ಮಳೆಗೆ ಸಿಪ್ಪೆ ಏಳುತ್ತದೆ. ಕುದುರೆ ಸವಾರಿಯ ಉದ್ದ ಬೂಟು 15ನೇ ಶತಮಾನದಲ್ಲಿ ನಿಜವಾಗಿಯೂ ಇತ್ತು: ತೊಡೆಯವರೆಗೆ ಬರುವ, ಕಾಲಿಗೆ ಬಿಗಿಯಾಗಿ ಅಂಟಿದಂತಿರುವ, ಹೀಲ್ ಇಲ್ಲದ ಬೂಟು. ಅದು ಪ್ರಯಾಣದ ಉಡುಪು. ಗ್ರೀವ್ ಹಾಕದ ಸವಾರನ ಪಾತ್ರ ನಿಮ್ಮದಾದರೆ ಸರಿ. ಆದರೆ ಅದನ್ನು ಅಳತೆ ಕೊಟ್ಟೇ ಮಾಡಿಸಬೇಕು, ಅಗ್ಗಕ್ಕೆ ಸಿಗುವುದಿಲ್ಲ.

ಭಾರತದಲ್ಲಿರುವವರು ಮೋಜಡಿ, ಜುತ್ತಿಯ ಬಗ್ಗೆ ಕೇಳುತ್ತಾರೆ. ಚರ್ಮದ ಅಟ್ಟೆ, ಹೀಲ್ ಇಲ್ಲ, ಬೆಲೆ ಕಡಿಮೆ. ಕೇಳಲು ಚೆನ್ನಾಗಿದೆ. ಆದರೆ ಗಂಟು ಮುಚ್ಚುವುದಿಲ್ಲ, ಕಟ್ಟಲು ಬಾರಿಲ್ಲ, ಕೆಸರಿನಲ್ಲಿ ಹಿಮ್ಮಡಿ ಕಳಚಿಕೊಳ್ಳುತ್ತದೆ. ಹಳೆಯ ರೀತಿಯ ಜುತ್ತಿಗೆ ಎಡ ಬಲ ಅನ್ನುವ ಭೇದವಿಲ್ಲ. ಮಧ್ಯಯುಗದ ಯುರೋಪಿನ ಶೂಗಳಿಗೆ ಅದು ಸ್ಪಷ್ಟವಾಗಿತ್ತು. ಕವಚಕ್ಕೆ ಇದನ್ನು ಬಿಟ್ಟುಬಿಡಿ.

ಕವಚ ತೊಟ್ಟು ನಿಜವಾಗಿ ಹೊಡೆದಾಡುವ ಬುಹರ್ಟ್ ಪಂದ್ಯ ಆಡುವವರ ಲೆಕ್ಕವೇ ಬೇರೆ. ಅಲ್ಲಿ ತಳ್ಳಾಟ, ಕುಸ್ತಿ ಎಲ್ಲ ಇರುತ್ತದೆ, ಪಾದ ತಿರುಚಿದರೆ ಕೆಲಸ ಕೆಟ್ಟಿತು. ಕುಸ್ತಿಯ ಶೂ ಅಥವಾ ತೆಳು ಅಟ್ಟೆಯ ಬೇರ್‌ಫುಟ್ ಶೂ ಮೇಲೆ ಚರ್ಮದ ಹೊದಿಕೆ ಹೊಲಿದು, ಅದರ ಮೇಲೆ ಸಬಾಟನ್ ಕಟ್ಟುವ ದಾರಿ ಇದೆ. ಹೊದಿಕೆ ಅಟ್ಟೆಯ ಅಂಚಿನ ತನಕ ಬರಬೇಕು, ಬಣ್ಣದ ಪ್ಲಾಸ್ಟಿಕ್ ಎಲ್ಲೂ ಇಣುಕಬಾರದು. ಪಂದ್ಯದ ನಿಯಮಪುಸ್ತಕ ಓದಿಯೇ ಕೈ ಹಾಕಿ.

ನೀವೇ ಹೊಲಿದರೆ

ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಇದು. ಸಾಮಾನಿನ ಖರ್ಚು ಅಗ್ಗದ ರೆಡಿಮೇಡ್ ಜೋಡಿಗಿಂತ ಕಡಿಮೆ, ಸಿಗುವುದು ದುಬಾರಿ ಜೋಡಿಯ ಹೊಂದಿಕೆ. ಬೇಕಾದ್ದು ತಾಳ್ಮೆ ಮತ್ತು ಗಟ್ಟಿ ಬೆರಳು.

ಮೇಲಿನ ಭಾಗಕ್ಕೆ ಸುಮಾರು 2 ಮಿಲಿಮೀಟರ್ ದಪ್ಪದ ಚರ್ಮ, ಅಟ್ಟೆಗೆ 4ರಿಂದ 5 ಮಿಲಿಮೀಟರ್. ಎರಡೂ ತೊಗಟೆಯಿಂದ ಹದ ಮಾಡಿದ್ದೇ ಆಗಿರಲಿ. ಕ್ರೋಮ್ (ಕ್ರೋಮಿಯಂ ಲವಣದ) ಹದದ ಚರ್ಮ 19ನೇ ಶತಮಾನದ್ದು, ನೆನೆಸಿ ತಿರುವಿದರೂ ಆಕಾರ ಹಿಡಿಯುವುದಿಲ್ಲ. ಇಂಗ್ಲೆಂಡಿನಲ್ಲಿ ಆಗ ಓಕ್ ತೊಗಟೆ ಬಳಸುತ್ತಿದ್ದರು. ನಮ್ಮಲ್ಲಿ ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿಗೆ ಕರಿಜಾಲಿ ತೊಗಟೆ, ಅಳಲೆಕಾಯಿಯಿಂದ ಹದ ಮಾಡುತ್ತಾರೆ. ಮರ ಬೇರೆ, ವಿಧಾನದ ಮೂಲ ಒಂದೇ. ಆ ಚಪ್ಪಲಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಾಗ ಅದರಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ನಾಲ್ಕೂ ಜಿಲ್ಲೆ ಸೇರಿದ್ದವು. ಆ ಕಡೆಯ ಪರಿಚಯ ಇದ್ದವರು ಅಟ್ಟೆಯ ಚರ್ಮವನ್ನು ಅಲ್ಲೇ ಕೇಳಬಹುದು. ಗಟ್ಟಿಯಾದ, ಒಳ್ಳೆಯ ಚರ್ಮ.

ಮಾದರಿ ತೆಗೆಯುವುದು ಸುಲಭ. ಹಳೆ ಸಾಕ್ಸ್ ಹಾಕಿ, ಅದರ ಮೇಲೆ ಕಾಗದದ ಟೇಪ್ ಸುತ್ತಿ. ಶೂ ಎಲ್ಲಿ ಮುಗಿಯಬೇಕು, ಎಲ್ಲಿ ತೆರೆಯಬೇಕು ಅಂತ ಪೆನ್ನಿನಲ್ಲಿ ಗೆರೆ ಹಾಕಿ. ಗೆರೆ ಹಿಡಿದು ಕತ್ತರಿಸಿ ಬಿಡಿಸಿದರೆ ನಕ್ಷೆ ಸಿಗುತ್ತದೆ. ಮೇಲಿನ ಭಾಗ ಒಂದೇ ತುಂಡಾಗಿ ಪಾದವನ್ನು ಸುತ್ತಿ, ಒಳಪಕ್ಕದಲ್ಲಿ ಒಂದು ಜಾಗದಲ್ಲಿ ಸೇರುವಂತೆ ಮಾಡಿ. ಲಂಡನ್ನಿನಲ್ಲಿ ಅಗೆದಾಗ ಸಿಕ್ಕ ಎಷ್ಟೋ ಶೂಗಳು ಹೀಗೇ ಇವೆ. ಮೊದಲು ಅಗ್ಗದ ಫೆಲ್ಟ್ ಬಟ್ಟೆಯಲ್ಲಿ ಒಂದು ಜೋಡಿ ಹೊಲಿದು ಕಾಲಿಗೆ ಹಾಕಿ ನೋಡಿ.

ಕಷ್ಟದ ಜಾಗ ಅಟ್ಟೆಯ ಹೊಲಿಗೆ. ದಬ್ಬಳ ಅಟ್ಟೆಯ ಒಳಮೈಯಿಂದ ಹೊಕ್ಕು, ಕೆಳಗೆ ತೂರದೆ, ಚರ್ಮದ ದಪ್ಪದೊಳಗೇ ಬಾಗಿ ಅಂಚಿನಿಂದ ಹೊರಬರಬೇಕು. ಹೊರಮೈಯಲ್ಲಿ ತೂತು ಬೀಳಬಾರದು. ಬಾಗಿದ ದಬ್ಬಳ ಇಲ್ಲದೆ ಇದು ಆಗುವುದಿಲ್ಲ. ಎಲ್ಲ ತೂತನ್ನೂ ಮೊದಲೇ ಹಾಕಿಕೊಳ್ಳಿ, ಆಮೇಲೆ ಜೇನುಮೇಣ ತಿಕ್ಕಿದ ಲಿನನ್ ದಾರದ ಎರಡು ತುದಿಯನ್ನೂ ಒಂದೇ ತೂತಿನಲ್ಲಿ ಎದುರುಬದುರಾಗಿ ಎಳೆಯಿರಿ. ಅಟ್ಟೆಗೂ ಮೇಲಿನ ಚರ್ಮಕ್ಕೂ ನಡುವೆ ಒಂದು ತೆಳು ಚರ್ಮದ ಪಟ್ಟಿ ಸೇರಿಸಿ ಹೊಲಿದರೆ ನೀರು ಒಳಗೆ ಬರುವುದು ಕಡಿಮೆ. ಪಟ್ಟಿ ಸ್ವಲ್ಪ ಅಗಲ ಬಿಟ್ಟರೆ ಅದಕ್ಕೇ ಎರಡನೇ ಅಟ್ಟೆಯನ್ನು ಹೊರಗಿನಿಂದ ಹೊಲಿಯಬಹುದು. 15ನೇ ಶತಮಾನದಲ್ಲಿ ಈ ಪದ್ಧತಿ ಇತ್ತು, ಹಾಗಾಗಿ ಇದು ಮೋಸವಲ್ಲ.

ಹೊಲಿದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ನೆನೆಸಿ ತಿರುವಿ. ಮೂತಿಯನ್ನು ಮರದ ಕೋಲಿನ ಮೊಂಡು ತುದಿಯಿಂದ ನಿಧಾನವಾಗಿ ಒತ್ತಿ ಹೊರತನ್ನಿ. ಒದ್ದೆ ಇರುವಾಗಲೇ ಹೋಸ್ ಸಮೇತ ಕಾಲಿಗೆ ಹಾಕಿ ಒಂದಷ್ಟು ಹೊತ್ತು ಓಡಾಡಿ. ಕಾಲಿನ ಆಕಾರ ಹಿಡಿದುಕೊಳ್ಳುತ್ತದೆ. ಬಿಸಿಲಿಗಾಗಲಿ ಬೆಂಕಿಗಾಗಲಿ ಇಡಬೇಡಿ, ನೆರಳಲ್ಲಿ ಒಣಗಲಿ.

ಜಾರದಂತೆ ಮಾಡುವುದು

ಚರ್ಮದ ಅಟ್ಟೆ ಒಣ ಹುಲ್ಲಿನ ಮೇಲೂ ಜಾರುತ್ತದೆ. ಕೆಲವರು ಅಟ್ಟೆಗೆ ಮೊಳೆ ಹೊಡೆಸುತ್ತಾರೆ. ಮಣ್ಣಿನಲ್ಲಿ ಅದು ಹಿಡಿಯುತ್ತದೆ ನಿಜ, ಆದರೆ ಕೋಟೆಯ ಕಲ್ಲುಹಾಸಿನ ಮೇಲೆ ಇನ್ನೂ ಅಪಾಯ. ರಬ್ಬರ್ ಬೇಕಿದ್ದರೆ 2 ಮಿಲಿಮೀಟರ್ ಹಾಳೆಯನ್ನು ಅಟ್ಟೆಗಿಂತ ಒಂದು ಕೂದಲೆಳೆ ಚಿಕ್ಕದಾಗಿ ಕತ್ತರಿಸಿ ಅಂಟಿಸಿ.

ಆ ಕಾಲದವರ ಉಪಾಯವೂ ಉಳಿದುಬಂದಿದೆ. ನೆಲದ ಮೇಲೆ ನಿಂತು ಹೋರಾಡುವವನಿಗೆ ಕವಚ ತೊಡಿಸುವುದು ಹೇಗೆ ಅಂತ ಹೇಳುವ 15ನೇ ಶತಮಾನದ ಒಂದು ಇಂಗ್ಲಿಷ್ ಹಸ್ತಪ್ರತಿ ಈಗ ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿದೆ. ಶೂ ದಪ್ಪ ಕಾರ್ಡೊವಾ ಚರ್ಮದ್ದಿರಬೇಕು ಅನ್ನುತ್ತದೆ ಅದು. ಅಟ್ಟೆಗೆ ಸಣ್ಣ ಹುರಿಗಳನ್ನು ಬಿಗಿಯಾಗಿ ಹೊಲಿಯಬೇಕು, ಒಂದೊಂದು ಹುರಿಗೂ ಮೂರು ಗಂಟು. ಹಿಮ್ಮಡಿಗೆ ಮೂರು ಹುರಿ, ಅಟ್ಟೆಯ ನಡುವೆ ಇನ್ನಷ್ಟು, ಎರಡು ಗುಂಪಿನ ನಡುವೆ ಮೂರು ಬೆರಳಿನ ಅಂತರ. ಗಂಟುಗಳು ನೆಲವನ್ನು ಕಚ್ಚುತ್ತವೆ. ಮೇಣ ಹಾಕಿದ ದಪ್ಪ ಸೆಣಬಿನ ಹುರಿಯಲ್ಲಿ ಯಾರು ಬೇಕಾದರೂ ಇದನ್ನು ಮಾಡಬಹುದು, ಖರ್ಚು ಏನೂ ಇಲ್ಲ. ಸವೆದರೆ ಕಿತ್ತು ಹೊಸದು ಹೊಲಿಯಿರಿ. ಎರಡನೇ ಅಟ್ಟೆ ಇದ್ದರೆ ಅದಕ್ಕೇ ಹೊಲಿಯಿರಿ, ಒಳಗಿನ ಅಟ್ಟೆಗೆ ತೂತು ಬೀಳುವುದಿಲ್ಲ.

ಕೊಳ್ಳುವ ಸರದಿ

ಕಾಲುಕವಚ ಇನ್ನೂ ಮಾಡಿಸಿಲ್ಲ ಅಂದರೆ ಶೂ ಮೊದಲು ಕೊಳ್ಳಿ. ಕವಚ ಮಾಡುವವನಿಗೆ ಅಳತೆ ಕೊಡುವಾಗ ಹೋಸ್, ಶೂ ಎರಡನ್ನೂ ಹಾಕಿಕೊಂಡೇ ಅಳೆಯಿರಿ: ಗಂಟಿನ ಸುತ್ತಳತೆ, ಹಿಮ್ಮಡಿಯಿಂದ ಪಾದದ ಮೇಲ್ಭಾಗಕ್ಕೆ ಸುತ್ತಿ ಬರುವ ಅಳತೆ, ನೆಲದಿಂದ ಮೊಣಕಾಲ ಚಿಪ್ಪಿನ ಕೆಳಗಿನವರೆಗಿನ ಎತ್ತರ. ಸಬಾಟನ್‌ಗೆ ಶೂವಿನ ಅಡಿಯ ನಕಲನ್ನು ಕಾಗದದ ಮೇಲೆ ತೆಗೆದು ಕಳಿಸಿ, ಬರಿಗಾಲಿನದ್ದಲ್ಲ. ಕವಚ ಮೊದಲೇ ಇದ್ದರೆ, ಮಂಡಿಯೂರಿ, ಪಾದ ಮೇಲಕ್ಕೆತ್ತಿ, ಗ್ರೀವ್‌ನ ಕೆಳ ಅಂಚು ಪಾದಕ್ಕೆ ಒತ್ತುವ ಜಾಗಕ್ಕೆ ಸೀಮೆಸುಣ್ಣ ಹಚ್ಚಿ. ಶೂವಿನ ಮೇಲೆ ಗುರುತು ಬಿದ್ದಲ್ಲೇ ಒಳಗಡೆಯಿಂದ ಇನ್ನೊಂದು ಪದರ ಮೆತ್ತನೆಯ ಚರ್ಮ ಹೊಲಿಸಿ.